ದೇವರ ಮುಂದಿದ್ದ ಕೀಲಿಕೈ

“ಕೀಲಿಕೈ ನಿನ್ನೆ ಇಡೀ ದಿನ ಇಲ್ಲೇ ಇತ್ತು, ಡಾಕ್ಟರ್. ಬಂದವರೆಲ್ಲ ಅದಕ್ಕೂ ಸೇರಿಸಿಯೇ ಕೈಮುಗಿದು ಹೋಗಿದ್ದಾರೆ,” ಎಂದ ಶ್ರೀರಂಗ.

ಸುಚೇತಾ ಬಗ್ಗಿ ನೋಡಿದಳು. ಏಳು ಮೆಟ್ಟಿಲ ದಸರಾ ಗೊಂಬೆಗಳ ಕೆಳಗೆ, ಸರಸ್ವತಿಯ ಪಟದ ಮುಂದೆ, ಒಂದು ಹಿತ್ತಾಳೆಯ ತಟ್ಟೆಯಿತ್ತು. ಅದರಲ್ಲಿ ಸ್ಟೆತಾಸ್ಕೋಪು, ಹೊಲಿಗೆಯ ಕತ್ತರಿ, ಒಂದು ಸ್ಪ್ಯಾನರು. ಅವುಗಳ ನಡುವೆ, ಬಾಡತೊಡಗಿದ ಸೇವಂತಿಗೆಯ ಅಡಿಯಲ್ಲಿ, ಪಿಕಪ್ಪಿನ ಕೀಲಿಕೈ. ಅದರ ಮೇಲಿನ ಕುಂಕುಮದ ಬೊಟ್ಟು ಇಟ್ಟಂತೆಯೇ ದುಂಡಗೆ ಇತ್ತು. ಯಾರೂ ಮುಟ್ಟಿರಲಿಲ್ಲ.

ಯಕ್ಷಗಾನ ಕಲಿಸುವ ಜಲಜಾಳ ಕಿರೀಟಗಳ ಟ್ರಂಕು ಹಾರ್ಬೋರ್ನಿನ ಸಭಾಭವನದಿಂದ ಕಾಣೆಯಾಗಿ ಒಂದು ಹಗಲು ಒಂದು ರಾತ್ರಿ ಕಳೆದಿತ್ತು. ಶನಿವಾರ ಸಂಜೆ ನಾಲ್ಕಕ್ಕೆ ಭವನದ ಹಿಂಬಾಗಿಲಲ್ಲಿ ಈ ಮನೆಯ, ಡಾಕ್ಟರ್ ವಿಶ್ವೇಶ್ವರರ, ಆಕಾಶನೀಲಿ ಅಮೆರಿಕನ್ ಪಿಕಪ್ಪು ನಿಂತಿದ್ದನ್ನು ಎದುರುಮನೆಯ ಮುದುಕಿ ಕಿಟಕಿಯಿಂದ ಕಂಡಿದ್ದಳು. ಅಂಥ ಗಾಡಿ ಬರ್ಮಿಂಗ್‌ಹ್ಯಾಮಿನ ಈ ಭಾಗದಲ್ಲಿ ಇನ್ನೊಂದಿರಲಿಲ್ಲ.

“ಇರುವುದು ಎರಡೇ ಕೀಲಿ,” ಎಂದು ಶ್ರೀರಂಗ ಬೆರಳು ಮಡಚಿದ. “ಒಂದು ದೇವರ ಮುಂದೆ. ಇನ್ನೊಂದು ನಿಂಗಪ್ಪನ ಜೇಬಿನಲ್ಲಿ. ನಾನು ಕನ್ನಡ ಸಂಘದ ಸೆಕ್ರೆಟರಿ. ಐದು ಗಂಟೆಯವರೆಗೆ ನಿಮಗೋಸ್ಕರ ಕಾಯುತ್ತೇನೆ. ಆಮೇಲೆ ಪೊಲೀಸರಿಗೆ ಫೋನ್ ಮಾಡಲೇಬೇಕಾಗುತ್ತದೆ. ಹಾಲ್ ಕೊಟ್ಟವರಿಗೆ ಉತ್ತರ ಹೇಳಬೇಕಲ್ಲ?”

ಅವನ ಮಾತಿನಲ್ಲಿ ದ್ವೇಷವಿರಲಿಲ್ಲ. ಬೆಂಗಳೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದು ನಾಲ್ಕು ವರ್ಷವಾಗಿದ್ದ ಶ್ರೀರಂಗನಿಗೆ ನಿಯಮವೆಂದರೆ ಊಟದೆಲೆಯಲ್ಲಿ ಉಪ್ಪಿನಷ್ಟೇ ಸಹಜ. ಅದಿಲ್ಲದೆ ಏನೂ ಮುಂದೆ ಹೋಗದು.

ನಿಂಗಪ್ಪ ಬಾಗಿಲ ಬಳಿ ನಿಂತಿದ್ದ. ಆರಡಿಗೂ ಮಿಕ್ಕ ಆಳು. ಚೌಕಟ್ಟಿಗೆ ತಲೆ ತಗುಲೀತೆಂದು ಅಭ್ಯಾಸಬಲದಿಂದ ಕುತ್ತಿಗೆ ಬಗ್ಗಿಸಿಕೊಂಡಿದ್ದ. ಹುಬ್ಬಳ್ಳಿಯ ಬಸ್ ಡಿಪೋದಿಂದ ವುಲ್ವರ್‌ಹ್ಯಾಂಪ್ಟನ್ನಿನ ಎಂಜಿನ್ ಕಾರ್ಖಾನೆಗೆ ಬಂದವನು. ಈ ಮನೆಯ ಹಳೆಯ ಪಿಕಪ್ಪನ್ನು ವಾರಕ್ಕೊಮ್ಮೆ ಪ್ರೀತಿಗಾಗಿ ನೋಡಿಕೊಂಡು ಹೋಗುವವನು. ಇಲ್ಲಿ ಶಾಶ್ವತವಾಗಿ ನೆಲೆಸಲು ಅವನು ಹಾಕಿದ್ದ ಅರ್ಜಿ ಆಗಸ್ಟಿನಿಂದ ಸರ್ಕಾರದ ಮೇಜಿನ ಮೇಲಿತ್ತು. ಪೊಲೀಸ್ ವಿಚಾರಣೆಯ ಒಂದು ಗೆರೆ ಬಿದ್ದರೂ ಅರ್ಜಿ ಅಲ್ಲಿಗೇ ನಿಂತುಹೋಗುತ್ತದೆಂದು ವಕೀಲರು ಹೇಳಿದ್ದರು. ನಿಂತರೆ ಹೆಂಡತಿ ಪುಟ್ಟಲಕ್ಷ್ಮಿ, ಎರಡನೆಯ ತರಗತಿಯ ಮಗಳು, ನಾಲ್ಕು ವರ್ಷದ ಬದುಕು, ಎಲ್ಲವನ್ನೂ ಪೆಟ್ಟಿಗೆಗೆ ತುಂಬಬೇಕು.

“ನಾನು ನಿನ್ನೆ ಈ ಕಡಿ ಹಾಯ್ದೇ ಇಲ್ರಿ,” ಎಂದ ನಿಂಗಪ್ಪ. “ಮನ್ಯಾಗ ಒಬ್ಬನs ಇದ್ದೆ. ಅವರಿಬ್ಬರೂ ಲೀಡ್ಸ್‌ಗೆ ಹೋಗಿದ್ರು. ಸಾಕ್ಷಿ ಯಾರನ್ನ ತರ್ಲಿ?”

ಗಡಿಯಾರ ಮೂರೂವರೆ ತೋರಿಸುತ್ತಿತ್ತು.

“ಬಾ,” ಎಂದಳು ಸುಚೇತಾ. “ಮೊದಲು ರೋಗಿಯನ್ನು ನೋಡೋಣ.”

ಆಕೆ ಹಾರ್ಬೋರ್ನಿನಲ್ಲಿ ಹದಿನೆಂಟು ವರ್ಷದಿಂದ ಜಿಪಿ, ಬಡಾವಣೆಯ ಕುಟುಂಬವೈದ್ಯೆ. ಒಬ್ಬೊಬ್ಬ ರೋಗಿಗೆ ಹತ್ತು ನಿಮಿಷ. ಮೊದಲ ಐದು ನಿಮಿಷ ಬರೀ ಕೇಳುವುದು, ಆಮೇಲೆ ಮುಟ್ಟುವುದು, ಕೊನೆಗೆ ಮಾತಾಡುವುದು. ಈ ಕ್ರಮವನ್ನು ಆಕೆ ಎಂದೂ ಹಿಂದುಮುಂದು ಮಾಡಿದವಳಲ್ಲ.

*

ಅಕ್ಟೋಬರಿನ ಇಳಿಬಿಸಿಲಿನಲ್ಲಿ ಪಿಕಪ್ಪು ಮದುವಣಗಿತ್ತಿಯ ಹಾಗೆ ನಿಂತಿತ್ತು. ಬಾನೆಟ್ಟಿನ ಮೇಲೆ ಶ್ರೀಗಂಧದ ಮೂರು ಗೆರೆ, ಮಧ್ಯೆ ಕುಂಕುಮ. ಮುಂದಿನ ಜಾಲರಿಯ ಉದ್ದಕ್ಕೂ ಸೇವಂತಿಗೆಯ ಹಾರ. ಮುಂದಿನ ಎರಡು ಗಾಲಿಗಳ ಎದುರು ಒಂದೊಂದು ನಿಂಬೆಹಣ್ಣು. ಆಯುಧಪೂಜೆಯಂದು ಪೂಜೆ ಮುಗಿದ ಮೇಲೆ ಗಾಡಿ ಅಲುಗಬಾರದು, ವಿಜಯದಶಮಿಯಂದು ನಿಂಬೆಯ ಮೇಲೆ ಹತ್ತಿಸಿಯೇ ಹೊರಡಿಸಬೇಕು ಎಂಬುದು ಈ ಮನೆಯ ಕಟ್ಟಳೆ. ಇಂದು ದಶಮಿ. ಸುಚೇತಾ ಕೇಳಿಕೊಂಡಿದ್ದರಿಂದ ಗಾಡಿಯನ್ನು ಇನ್ನೂ ಯಾರೂ ಸರಿಸಿರಲಿಲ್ಲ.

ಮುಂಗೋಣೆಯ ಕಿಟಕಿಯ ಹಿಂದೆ, ಆರಾಮಕುರ್ಚಿಯಲ್ಲಿ, ಡಾಕ್ಟರ್ ವಿಶ್ವೇಶ್ವರ ಭಾನುವಾರದ ಪತ್ರಿಕೆ ಹಿಡಿದು ಕೂತಿದ್ದರು. ಮೂವತ್ತು ವರ್ಷ ಮೂಳೆಗಳನ್ನು ಜೋಡಿಸಿ ನಿವೃತ್ತರಾದ ಆಜಾನುಬಾಹು. ಯಾರ್ಕ್‌ಶೈರಿನಿಂದ ತನ್ನ ದೇಶಕ್ಕೆ ಹೊರಟಿದ್ದ ಅಮೆರಿಕನ್ ವಾಯುಪಡೆಯವನೊಬ್ಬನ ಕೈಯಿಂದ ಆರು ವರ್ಷದ ಹಿಂದೆ ಈ ಗಾಡಿಯನ್ನು ಕೊಂಡವರು ಅವರೇ. ಸುಚೇತಾಳನ್ನು ಕಂಡು ಪತ್ರಿಕೆಯ ಮೇಲಿಂದ ಕೈಬೀಸಿದರು. ಆಕೆ ತರಬೇತಿಯ ಕಾಲದಲ್ಲಿ ಅವರ ವಾರ್ಡಿನಲ್ಲಿ ಬೈಸಿಕೊಂಡಿದ್ದವಳು. ಈಗಲೂ ಕೈ ತಾನಾಗಿ ನಮಸ್ಕಾರಕ್ಕೆ ಹೋಯಿತು.

“ಹೇಳು ನಿಂಗಪ್ಪ. ಇವಳ ಕೇಸ್ ಹಿಸ್ಟರಿ.”

ಗಾಡಿಯ ಮಾತೆತ್ತಿದ್ದೇ ತಡ, ನಿಂಗಪ್ಪನ ಕುತ್ತಿಗೆ ನೆಟ್ಟಗಾಯಿತು.

“ನಾನು ಈಕಿಗೆ ನೀಲವ್ವ ಅಂತೀನ್ರಿ, ಅರವತ್ತಾರನೇ ಇಸವಿಯಾಕಿ. ಎಂಜಿನ್ ಬಗ್ಗೆ ಒಂದ ಮಾತು ಕೆಟ್ಟದ್ದ ಹೇಳಾಕ ಬರಂಗಿಲ್ರಿ. ಆರು ಸಿಲಿಂಡರು, ಒಂದs ಸಾಲಿನ್ಯಾಗ. ಒಳಗ ಬೆಲ್ಟಿಲ್ಲ, ಚೈನಿಲ್ಲ. ಹಲ್ಲಿಗೆ ಹಲ್ಲು ಕೂಡಿದ ಚಕ್ರ. ಹೊತ್ತಿಗೆ ಎಣ್ಣಿ ಹಾಕ್ಕೋತ ಹೋದ್ರ ನನ್ನ ಮೊಮ್ಮಗನೂ ಓಡಸ್ತಾನ. ತಗಡು ತುಕ್ಕು ಹಿಡೀತೈತಿ, ಬಾಗಲಾ ಜೋತು ಬೀಳತಾವ. ಎಂಜಿನ್ ಮಾತ್ರ ಅಲ್ಲಾಡಂಗಿಲ್ಲ.”

“ಕಾಯಿಲೆ?”

“ಕಾಯಿಲೆ ಅಲ್ರಿ, ಸ್ವಭಾವ.” ನಿಂಗಪ್ಪ ಬಾಗಿಲು ತೆರೆದು ತೋರಿಸಿದ. “ಪೆಟ್ರೋಲ್ ಟ್ಯಾಂಕು ಎಲ್ಲೈತಿ ನೋಡ್ರಿ. ಸೀಟಿನ ಬೆನ್ನಿಗೇ, ಕ್ಯಾಬಿನ್ ಒಳಗs. ತಿರುವಿನ್ಯಾಗ ಹಿಂದ ಕೊಡ ತುಳುಕಿದಂಗ ಸಪ್ಪಳ. ಹತ್ತು ನಿಮಿಷ ಕುಂತ್ರ ಅರಿವಿಗೆಲ್ಲ ಪೆಟ್ರೋಲ್ ವಾಸನಿ. ನಮ್ಮಾಕಿ ನನ್ನ ಅಂಗಿ ಬ್ಯಾರೇನs ಒಗೀತಾಳ.”

“ಇದೆಲ್ಲ ಈಗ ಯಾಕೆ?” ಎಂದು ಶ್ರೀರಂಗ ಕೈಗಡಿಯಾರ ನೋಡಿಕೊಂಡ.

“ಕೇಳಿ, ಕೇಳಿ,” ಎಂದಳು ಸುಚೇತಾ. “ಐದು ನಿಮಿಷ ಇನ್ನೂ ಆಗಿಲ್ಲ. ಈಚೆಗೆ ಆಪರೇಷನ್ ಏನಾದರೂ?”

“ಏಪ್ರಿಲ್‌ದಾಗ ನಾಲ್ಕೂ ಬ್ರೇಕ್ ಡ್ರಮ್ ಬದಲಿ ಮಾಡೀನಿ. ಹಳೇವು ಸವೆದಿದ್ವು. ಕಳಚಿದ ಪ್ರತಿ ಸಾಮಾನಿಗೂ ತಗಡಿನ ಬಿಲ್ಲೆ ಕಟ್ಟಿ, ತಾರೀಕು ಕೊರೆದು, ಗಾಡಿ ಮಾಲಕರ ಕೈಗೇ ಒಪ್ಪಸ್ತೀನಿ. ಬಿಲ್ಲೆ ಹಿಂದ ಅವರ ಗುರುತು ಹಾಕಸ್ಕೊಂತೀನಿ. ಡಿಪೋದಾಗ ಕಲ್ತ ಚಟ. ಇಲ್ಲಿ ಕಾರ್ಖಾನ್ಯಾಗ ನಗತಾರ.”

“ನಗಲಿ ಬಿಡು. ಕೀಲಿಯ ವಿಷಯ ಹೇಳು.”

ನಿಂಗಪ್ಪ ಶ್ರೀರಂಗನತ್ತ ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡ. “ಮುಂಜಾನಿಯಿಂದ ಅದನ್ನs ಹೇಳಾಕ ಹತ್ತೀನಿ, ಯಾರೂ ಕೇಳವಲ್ರು. ಈ ಗಾಡಿ ಸ್ವಿಚ್ಚಿಗೆ ನಿಲ್ಲೋ ಜಾಗಾ ಎರಡು. ಒಂದು ಲಾಕ್, ಒಂದು ಬರೇ ಆಫ್. ಲಾಕಿಗೆ ತಂದು ಕೀಲಿ ತಗದ್ರ ಬೀಗ ಬಿತ್ತು. ಆಫಿನ್ಯಾಗ ಇಟ್ಟು ತಗದ್ರೂ ಕೀಲಿ ಕೈಗೆ ಬರತೈತಿ, ಆದ್ರ ಬೀಗ ಬೀಳಂಗಿಲ್ಲ. ಆಮ್ಯಾಲ ಸ್ವಿಚ್ಚಿನ ಕಿವಿ ಹಿಡದು ತಿರುವಿದ್ರ ಸಾಕು, ಕೀಲಿನs ಬ್ಯಾಡ.”

ಶ್ರೀರಂಗ ನಕ್ಕುಬಿಟ್ಟ. “ಕೀ ಇಲ್ಲದೆ ಸ್ಟಾರ್ಟ್ ಆಗೋ ಗಾಡೀನಾ? ಅದನ್ನ ಬೇಕಂತಲೇ ಹಾಗೆ ಮಾಡಿದ್ರಾ? ನಿಂಗಪ್ಪ, ನಾನೂ ಎಂಜಿನಿಯರ್ ಕಣಪ್ಪ.”

“ಕಂಪ್ಯೂಟರ್ ಎಂಜಿನಿಯರ್ ಹೌದಲ್ರಿ? ಹೊಲದಾಗ ದುಡಿಯೋ ಗಾಡಿ ಇದು. ಗಂಡ ಇಳದ್ರ ಹೆಂಡತಿ ಹತ್ತಬೇಕು, ಆಕಿ ಇಳದ್ರ ಆಳು ಹತ್ತಬೇಕು. ಪ್ರತಿ ಸಲ ಕೀಲಿ ಹುಡಕ್ಕೋತ ಕುಂತ್ರ ಸುಗ್ಗಿ ಮುಗೀತೈತಿ.”

“ಸರ್ ಕೀಲಿ ತೆಗೆಯುವುದು ಹೇಗೆ, ಲಾಕಿಗೆ ತಂದೋ, ಆಫಿನಲ್ಲೋ?” ಎಂದು ಕೇಳಿದಳು ಸುಚೇತಾ.

“ಡಾಕ್ಟರ್ ಸಾಹೇಬ್ರು? ಯಾವತ್ತೂ ಆಫಿನ್ಯಾಗs. ನೂರು ಸಲ ಹೇಳೀನಿ.”

ಸುಚೇತಾ ಸೀರೆಯ ನೆರಿಗೆ ಎತ್ತಿ ಹಿಡಿದು ಗಾಡಿ ಹತ್ತಿದಳು. ಚಾಲಕನ ಜಾಗ ಎಡಕ್ಕೆ. ಕೂತವಳು ಕ್ಲಚ್ಚಿನ ಮೇಲೆ ಕಾಲಿಟ್ಟಳು, ಸಲೀಸಾಗಿ ಸಿಕ್ಕಿತು. ಆಕೆಯ ಎತ್ತರ ಐದಡಿ ಎರಡಂಗುಲ. ಈ ಗಾಡಿಯ ಯಜಮಾನರು ಆರಡಿ, ನಿಂಗಪ್ಪ ಅದಕ್ಕಿಂತ ಒಂದಂಗುಲ ಜಾಸ್ತಿ. ಆದರೂ ಸೀಟು ಮುಂದಕ್ಕೆ, ಇನ್ನು ಸರಿಯಲಾರದಷ್ಟು ಮುಂದಕ್ಕೆ, ಬಂದು ನಿಂತಿತ್ತು.

ಇದನ್ನು ಆಕೆ ಯಾರಿಗೂ ಹೇಳಲಿಲ್ಲ. ಮುಟ್ಟುವ ಹೊತ್ತು ಈಗಷ್ಟೇ ಬಂದಿತ್ತು. ಮಾತಾಡುವ ಹೊತ್ತು ಬಂದಿರಲಿಲ್ಲ.

ಸ್ವಿಚ್ಚಿನ ಎರಡು ಪುಟ್ಟ ಕಿವಿಗಳನ್ನು ಹಿಡಿದು ಬಲಕ್ಕೆ ತಿರುವಿದಳು. ಎಂಜಿನ್ ಒಮ್ಮೆ ಕೆಮ್ಮಿತು, ಎರಡನೆಯ ಸಲಕ್ಕೆ ಎಚ್ಚೆತ್ತು, ಊಟ ಮುಗಿಸಿ ಜಗಲಿಯಲ್ಲಿ ಕೂತ ಹಿರಿಯರ ಹಾಗೆ ತೃಪ್ತಿಯಿಂದ ಗುನುಗತೊಡಗಿತು. ಸ್ವಿಚ್ಚಿನ ತೂತು ಖಾಲಿಯಾಗಿಯೇ ಇತ್ತು.

ಶ್ರೀರಂಗನ ಬಾಯಿ ಅರೆ ತೆರೆದಿತ್ತು. “ಅಂದರೆ... ಯಾರು ಬೇಕಾದರೂ?”

“ಯಾರು ಬೇಕಾದರೂ ಸ್ಟಾರ್ಟ್ ಮಾಡಬಹುದು. ಓಡಿಸಬಹುದೇ? ಬನ್ನಿ, ನೀವು ಕೂತುಕೊಳ್ಳಿ. ಗಾಡಿ ಸರಿಸಬೇಡಿ, ಕ್ಲಚ್ ಒತ್ತಿಯೇ ಇರಿ. ಬರೇ ಗೇರ್ ಹಾಕಿ ತೋರಿಸಿ.”

“ಗೇರ್ ಎಲ್ಲಿ?” ನೆಲದ ಮೇಲೆ ತಡಕಾಡಿದ ಶ್ರೀರಂಗನಿಗೆ ಏನೂ ಸಿಗಲಿಲ್ಲ.

“ಸ್ಟೇರಿಂಗ್ ಪಕ್ಕದಾಗ ಕಡ್ಡಿ ಐತಲ್ರಿ, ಅದು. ನಿಮ್ಮ ಕಡಿ ಎಳಕೊಂಡು ಕೆಳಗ ಒತ್ರಿ, ಒಂದನೇದು. ಮ್ಯಾಲೆ ತಂದು ಆ ಕಡಿ ನೂಕಿ ಎತ್ರಿ, ಎರಡನೇದು. ಸಾವಕಾಶ...”

ಸಾವಕಾಶ ಎಂಬುದು ಶ್ರೀರಂಗನ ಜಾಯಮಾನದಲ್ಲಿರಲಿಲ್ಲ. ಕಡ್ಡಿಯನ್ನು ಎಳೆದ, ಒತ್ತಿದ, ಎತ್ತಿ ನೂಕಿದ. ಒಳಗೆಲ್ಲೋ ಟಕ್ಕೆಂದು ಸದ್ದಾಯಿತು, ಕಡ್ಡಿ ನಡುವೆ ಕಚ್ಚಿಕೊಂಡು ಕಲ್ಲಿನಂತೆ ನಿಂತಿತು.

“ಮುರಿದೆನಾ?” ಅವನ ಮುಖ ಬಿಳಿಚಿತು.

“ಎಂಜಿನ್ ಬಂದ್ ಮಾಡಿ ಕೆಳಗ ಇಳೀರಿ. ಏನೂ ಆಗಿಲ್ಲ,” ಎಂದು ನಿಂಗಪ್ಪ ಮೊದಲ ಸಲ ನಕ್ಕ. “ಇದೂ ಆಕಿ ಸ್ವಭಾವ. ಅವಸರ ಮಾಡಿದ್ರ ಎರಡು ಗೇರಿನ ಸಲಾಕಿನೂ ಒಮ್ಮೆಗೇ ಕಚ್ಚಿ ಹಿಡೀತಾವ. ಬಾನೆಟ್ ತಗದು ಕೈಯಿಂದ ಬಿಡಿಸಬೇಕು. ಅಂಬಾಸಿಡರ್ ಮ್ಯಾಲೆ ಕೈ ಪಳಗಿದವರಿಗೆ ಮಾತ್ರ ಈ ಗೇರು ಒಲೀತೈತಿ. ಮಾರುತಿ ಮ್ಯಾಲೆ ಕಲ್ತವರ ಕೈಗೆ ಒಗ್ಗಂಗಿಲ್ಲ.”

“ನಾನು ಕಲಿತಿದ್ದು ಮಾರುತಿಯಲ್ಲೇ,” ಎಂದು ಶ್ರೀರಂಗ ತಗ್ಗಿದ ದನಿಯಲ್ಲಿ ಒಪ್ಪಿಕೊಂಡ.

ನಿಂಗಪ್ಪ ಹಾರವನ್ನು ಬಿಚ್ಚಲು ಬಗ್ಗಿದ. ಸುಚೇತಾ ಅವನ ತೋಳು ಹಿಡಿದಳು.

ಹಾರದ ಎಡತುದಿಯಲ್ಲಿ ಬಾಳೆನಾರಿನ ಗಂಟು. ಬಲತುದಿಯಲ್ಲಿ ಕೆಂಪು ಹೊಲಿಗೆದಾರದ ಗಂಟು, ಅಚ್ಚುಕಟ್ಟಾದದ್ದು. ಒಂದು ತುದಿಯನ್ನು ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದರು.

“ಈಗ ತೆಗಿ. ಒಳಗೆ ಏನನ್ನೂ ಮುಟ್ಟಬೇಡ.”

ಬಾನೆಟ್ಟು ಮೇಲೆದ್ದಿತು. ಸ್ಟೇರಿಂಗ್ ಕಂಬದ ಬುಡದಲ್ಲಿ, ಎರಡು ಸಲಾಕಿಗಳು ಒಂದರ ಮೇಲೊಂದು ಕೂತಿದ್ದ ಕಡೆ, ಗ್ರೀಸಿನ ಕಪ್ಪು ಪದರವಿತ್ತು. ಆ ಕಪ್ಪಿನ ಮೇಲೆ ನಾಲ್ಕು ಬೆರಳಿನ ಗುರುತು. ಪುಟ್ಟ ಬೆರಳುಗಳು. ಅರಿಶಿನದ ಬಣ್ಣ.

ಮೂವರೂ ಬಗ್ಗಿ ನೋಡಿದರು. ನಿಂಗಪ್ಪ ತನ್ನ ಅಗಲವಾದ ಅಂಗೈಯನ್ನು ಗುರುತಿನ ಮೇಲೆ, ತಾಗದಂತೆ, ಹಿಡಿದು ತೋರಿಸಿದ. ಆ ಗುರುತು ಅವನ ಅಂಗೈಯೊಳಗೆ ಕಾಣದಂತೆ ಮುಚ್ಚಿಹೋಯಿತು.

“ಇದು ನನ್ನ ಕೈ ಅಲ್ರಿ,” ಎಂದನಷ್ಟೆ.

ಸ್ಕ್ರೂಡ್ರೈವರಿನ ತುದಿಯಿಂದ, ಗುರುತು ಕೆಡದಂತೆ, ಅವನು ಸಲಾಕಿಗಳನ್ನು ಬಿಡಿಸಿದ. ಅಷ್ಟರಲ್ಲಿ ಸುಚೇತಾ ಗಾಲಿಯ ಬಳಿ ಕುಕ್ಕರುಗಾಲಿನಲ್ಲಿ ಕೂತು ನಿಂಬೆಹಣ್ಣನ್ನು ನೋಡುತ್ತಿದ್ದಳು. ಶನಿವಾರ ಬೆಳಿಗ್ಗೆ ಪೂಜೆಗೆಂದು ಸೋಹೋ ರೋಡಿನ ಅಂಗಡಿಯಿಂದ ನಿಂಬೆ ತಂದವಳು ಆಕೆಯೇ. ಆರಿಸಿ ತಂದಿದ್ದಳು: ಗೋಲಿಗಿಂತ ತುಸು ದೊಡ್ಡ, ತೆಳು ಸಿಪ್ಪೆಯ, ಹಸಿರು ಹಣ್ಣು. ಇಲ್ಲಿದ್ದುದು ಕೋಳಿಮೊಟ್ಟೆಯಷ್ಟು ದಪ್ಪದ, ಮೇಣ ಹಚ್ಚಿದ, ಹೊಳೆಯುವ ಹಳದಿ ಹಣ್ಣು. ಕುಂಕುಮವನ್ನೇನೋ ಭಕ್ತಿಯಿಂದಲೇ ಹಚ್ಚಿದ್ದರು. ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಸೂಪರ್‌ಮಾರ್ಕೆಟ್ಟಿನ ಪುಟ್ಟ ದುಂಡು ಚೀಟಿ ಅಂಟಿಕೊಂಡೇ ಇತ್ತು.

ಗಾಡಿ ಹೊರಟಾಗ ಹಸಿರು ನಿಂಬೆ ಗಾಲಿಯಡಿ ಜಜ್ಜಿಹೋಗಿದೆ. ಮರಳಿ ತಂದು ನಿಲ್ಲಿಸಿದವರಿಗೆ ಆ ಜಾಗವನ್ನು ಬರಿದಾಗಿ ಬಿಡಲು ಮನಸ್ಸಾಗಿಲ್ಲ. ಕಳ್ಳತನದ ಗುರುತು ಅಳಿಸುವ ಆತುರದಲ್ಲೂ ದೇವರಿಗೆ ಕುಂಕುಮ ತಪ್ಪಿಸದ ಕೈ ಅದು.

“ಶ್ರೀರಂಗ, ನಿನ್ನೆ ಸಂಜೆಯ ಊಟ ಹೇಗಿತ್ತು?”

“ಊಟಾನಾ?” ಅವನು ತಬ್ಬಿಬ್ಬಾದ. “ಮಧ್ಯಾಹ್ನ ಅದ್ಭುತ. ಸಂಜೆ ಗೊಂಬೆ ನೋಡೋಕೆ ಬಂದವರಿಗೆ ಅಂತ ಮಾಡಿದ ಚಿತ್ರಾನ್ನ ಮಾತ್ರ...”

ಬಾಗಿಲ ಮೆಟ್ಟಿಲ ಮೇಲೆ ಮಂಕಾಗಿ ಕೂತಿದ್ದ ಜಲಜಾ ಅಲ್ಲಿಂದಲೇ ಹೇಳಿದಳು: “ಉಪ್ಪಿತ್ತು, ಖಾರ ಇತ್ತು, ಹುಳಿ ಅಂತ ಎಂತದೂ ಇರ್ಲಿಲ್ಲ ಮಾರಾಯ್ರೆ. ವೇದಕ್ಕನ ಕೈಯಲ್ಲಿ ಹಾಗೆ ಆದದ್ದೇ ಇಲ್ಲ.”

ಕುಂದಾಪುರದವಳಾದ ಜಲಜಾ ಹಡರ್ಸ್‌ಫೀಲ್ಡಿನ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಿದ್ದಳು. ಟ್ರಂಕಿನಲ್ಲಿದ್ದ ಆರು ಕಿರೀಟ, ಎದೆಪದಕ, ಭುಜಕೀರ್ತಿಗಳೆಲ್ಲ ಅವಳ ತಂದೆಯ ಮೇಳದವು. ಮುಂದಿನ ಶನಿವಾರ ಹಾರ್ಬೋರ್ನಿನ ಭವನದಲ್ಲಿ ಅವನ್ನು ತೊಟ್ಟು ಮಕ್ಕಳು ಕುಣಿಯಬೇಕಿತ್ತು. ನಿನ್ನೆ ಮೂರರಿಂದ ಐದರವರೆಗೆ ಅವಳು ಗೊಂಬೆಗಳ ಮುಂದೆ ಹಾಡುತ್ತಿದ್ದುದಕ್ಕೆ ಇಪ್ಪತ್ತು ಹೆಂಗಸರು ಸಾಕ್ಷಿ. ಶ್ರೀರಂಗ ತಾಳ ಹಾಕುತ್ತಿದ್ದ. ಡಾಕ್ಟರ್ ವಿಶ್ವೇಶ್ವರ ಮಹಡಿಯಲ್ಲಿ ನಿದ್ದೆ ಮಾಡುತ್ತಿದ್ದೆ ಎಂದಿದ್ದರು.

“ಹತ್ತು ನಿಮಿಷ ಕೊಡಿ,” ಎಂದು ಸುಚೇತಾ ಒಳಗೆ ನಡೆದಳು.

*

ಅಡುಗೆಮನೆಗೆ ಹೋಗುವ ನಡುದಾರಿಯ ಗೋಡೆಯಲ್ಲಿ ಒಂದು ಕಪ್ಪುಬಿಳುಪು ಚಿತ್ರ ಬಹಳ ಕಾಲದಿಂದ ತೂಗಿತ್ತು. ಸುಚೇತಾ ಅದನ್ನು ಸಾವಿರ ಸಲ ಕಂಡಿದ್ದಳು. ಇಂದು ನಿಂತು ನೋಡಿದಳು. ಮೈಸೂರಿನ ಯಾವುದೋ ಬಂಗಲೆಯ ಮುಂದೆ ಅಂಬಾಸಿಡರ್ ಕಾರು. ಸ್ಟೇರಿಂಗ್ ಹಿಡಿದು, ಎರಡು ಜಡೆ ಇಳಿಬಿಟ್ಟು, ಗೆದ್ದವಳಂತೆ ನಗುತ್ತಿದ್ದ ಹತ್ತೊಂಬತ್ತರ ಹುಡುಗಿ.

ಆ ಹುಡುಗಿ ಈಗ ಅರವತ್ತೆರಡರ ವೇದಕ್ಕ; ಡಾಕ್ಟರ್ ವಿಶ್ವೇಶ್ವರರ ಹೆಂಡತಿ. ಒಲೆಯ ಮುಂದೆ ಬೆನ್ನು ಮಾಡಿ ನಿಂತು ಕಾಫಿಗೆ ನೀರು ಕಾಯಿಸುತ್ತಿದ್ದರು. ಸುಚೇತಾಳಿಗಿಂತ ನಾಲ್ಕು ಬೆರಳು ಗಿಡ್ಡ. ಇಂಗ್ಲೆಂಡಿಗೆ ಬಂದ ಮೇಲೆ ಅವರು ಗಾಡಿ ಓಡಿಸಿದ್ದನ್ನು ಯಾರೂ ಕಂಡಿರಲಿಲ್ಲ. ಆದ್ದರಿಂದ ಅವರಿಗೆ ಬರುವುದೇ ಇಲ್ಲವೆಂದು ಎಲ್ಲರೂ ತಿಳಿದಿದ್ದರು.

ಕಿಟಕಿಯಾಚೆ ಹಿತ್ತಲಿನ ತಂತಿಯ ಮೇಲೆ ಕಾಶ್ಮೀರಿ ಶಾಲೊಂದರಿಂದ ನೀರು ತೊಟ್ಟಿಕ್ಕುತ್ತಿತ್ತು.

“ಹಬ್ಬದ ದಿನ ಶಾಲು ಒಗೆದಿದ್ದೀರಿ, ವೇದಕ್ಕ?”

“ಏನೋ ಚೆಲ್ಲಿಕೊಂಡಿತ್ತು ಕಣೇ.”

“ಪೆಟ್ರೋಲ್ ವಾಸನೆ ಒಂದೇ ಸಲಕ್ಕೆ ಹೋಗುವುದಿಲ್ಲವಂತೆ. ಪುಟ್ಟಲಕ್ಷ್ಮಿ ಬೇರೆಯಾಗಿಯೇ ಒಗೆಯುತ್ತಾಳಂತೆ.”

ವೇದಕ್ಕ ತಿರುಗಲಿಲ್ಲ. ಉಕ್ಕುತ್ತಿದ್ದ ನೀರಿನ ಕೆಳಗೆ ಉರಿ ತಗ್ಗಿಸಿದರು.

“ಚಿತ್ರಾನ್ನಕ್ಕೆ ಹುಳಿ ಸಾಲದೇ ಹೋಯಿತಲ್ಲ, ಎಲ್ಲರೂ ಅದನ್ನೇ ಆಡಿಕೊಂಡರಾ?” ಎಂದರು.

“ಜಲಜಾ ಇನ್ನೂ ಮರೆತಿಲ್ಲ.”

“ಎರಡೇ ಹಣ್ಣಿದ್ದದ್ದು. ಗಾಲಿಗೆ ಇಟ್ಟುಬಿಟ್ಟೆ.” ಈಗ ತಿರುಗಿದರು. ಮುಖದಲ್ಲಿ ನಾಚಿಕೆಗಿಂತ ಹೆಚ್ಚಾಗಿ, ಹೊತ್ತ ಬುಟ್ಟಿ ಇಳಿಸಿದವರ ನಿರಾಳವಿತ್ತು. “ನಲವತ್ತಮೂರು ವರ್ಷ ಆದಮೇಲೆ ಗೇರ್ ಹಾಕಿದೆ ಕಣೇ ಸುಚೇತಾ. ಹೋಗೋವಾಗ ಒಂದು ಸಲ ಕಚ್ಕೊಂತು. ಅಪ್ಪನ ಕಾರಿಗೂ ಹಾಗೇ ಆಗ್ತಿತ್ತು. ಬಾನೆಟ್ ತೆಗೆದೆ, ಬಿಡಿಸಿದೆ. ಬರೋವಾಗ ಒಂದು ಸಲಾನೂ ಕಚ್ಚಲಿಲ್ಲ, ಗೊತ್ತಾ?”

ಆ ಹೆಮ್ಮೆಗೆ ನಗಬೇಕೋ ಬೇಡವೋ ತಿಳಿಯದೆ ಸುಚೇತಾ ನಕ್ಕಳು. ನಗು ಮುಗಿಯುವ ಮುಂಚೆಯೇ ಕೇಳಿದಳು:

“ಟ್ರಂಕು ಯಾಕೆ ತೆಗೆದಿರಿ? ಹೊರಗೆ ನಿಂಗಪ್ಪ ನಿಂತಿದ್ದಾನೆ. ಅವನ ಅರ್ಜಿಯ ಕಥೆ ನಿಮಗೆ ಗೊತ್ತು. ಐದಕ್ಕೆ ಫೋನ್ ಹೋಗುತ್ತದೆ. ನೀವು ಬೆಳಿಗ್ಗೆಯಿಂದ ಸುಮ್ಮನಿದ್ದೀರಿ.”

“ಅವನಿಗೋಸ್ಕರವೇ ಸುಮ್ಮನಿದ್ದೆ!” ವೇದಕ್ಕನ ಕಣ್ಣು ತುಂಬಿತು. “ಕತ್ತರಿ, ಸ್ಪ್ಯಾನರಿಗೆಲ್ಲ ಪೂಜೆಯಾಯಿತು, ಕಿರೀಟಕ್ಕೆ ಆಗಲಿಲ್ಲವಲ್ಲ ಅಂತ ಮೂರೂವರೆಗೆ ನಾನೊಬ್ಬಳೇ ನಡಕೊಂಡು ಹಾಲಿಗೆ ಹೋದೆ. ಐದು ನಿಮಿಷದ ದಾರಿ. ಅರಿಶಿನ ಕುಂಕುಮ ಹಚ್ಚೋಣ ಅಂತ ಟ್ರಂಕು ತೆಗೆದರೆ, ಒಳಗೆ ಕಿರೀಟವೇ ಇಲ್ಲ.”

“ಇಲ್ಲ ಅಂದರೆ?”

“ಹಳೇ ಸೀರೆಯಲ್ಲಿ ಸುತ್ತಿದ ನಾಲ್ಕು ಕಬ್ಬಿಣದ ಡ್ರಮ್ಮು. ಭಾರ ಸರಿಯಾಗಿರಲಿ ಅಂತ ತುಂಬಿಸಿದ್ದು. ಒಂದೊಂದಕ್ಕೂ ತಗಡಿನ ಬಿಲ್ಲೆ. ಅದು ನಿಂಗಪ್ಪನ ಚಟ ಅಂತ ನನಗೆ ಗೊತ್ತಿಲ್ಲವಾ? ಸಂಜೆ ಜಲಜಾ ಬಂದು ತೆಗೆದರೆ ಆ ಹುಡುಗನ ಗತಿಯೇನು? ಡ್ರಮ್ಮು ಎತ್ತೋ ಶಕ್ತಿ ನನಗಿಲ್ಲ. ಟ್ರಂಕಿಗೆ ಗಾಲಿಯಿದೆ, ಹಿಂಬಾಗಿಲ ಕಟ್ಟೆ ಪಿಕಪ್ಪಿನ ಹಲಗೆಗೆ ಸಮನಾಗಿದೆ. ಓಡಿ ಬಂದೆ, ಗಾಡಿ ತೊಗೊಂಡು ಹೋದೆ, ತಳ್ಳಿ ಹತ್ತಿಸಿದೆ. ಇಲ್ಲಿ ಹಲಗೆ ಒರಗಿಸಿ ಜಾರಿಸಿ ಇಳಿಸಿದೆ, ಈಗ ಹಿತ್ತಲ ಶೆಡ್ಡಿನಲ್ಲಿದೆ. ಅವನ ಹತ್ತಿರ ಒಬ್ಬಳೇ ಮಾತಾಡಿ ಕಿರೀಟ ತರಿಸೋಣ ಅಂತಿದ್ದೆ. ಗಾಡೀನ ಯಾರೋ ನೋಡ್ತಾರೆ, ಅದೂ ಅವನ ತಲೆಗೇ ಬರುತ್ತೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.”

ಅವನನ್ನು ಉಳಿಸಲು ಹೊರಟ ಕೈಯೇ ಅವನನ್ನು ಸಿಕ್ಕಿಸಿತ್ತು.

“ಬಿಲ್ಲೆ ಇದೆಯೇ?”

ವೇದಕ್ಕ ಇಂಗಿನ ಡಬ್ಬಿಯ ಮುಚ್ಚಳ ತೆಗೆದು, ಒಳಗಿನಿಂದ ಒಂದು ತಗಡಿನ ಬಿಲ್ಲೆಯನ್ನು ಎತ್ತಿ ಕೊಟ್ಟರು. ಒಂದು ಬದಿಯಲ್ಲಿ ಮೊಳೆಯಿಂದ ಕೊರೆದ ಅಕ್ಷರ: ‘ಬ್ರೇಕ್ ಡ್ರಮ್, ಮುಂದಿನ ಎಡ, 12-4-2003’.

“ಹಿಂಬದಿ ಓದಿದಿರಾ?”

“ಕನ್ನಡಕ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಆಮೇಲೆ ನೋಡೋಕೆ ಧೈರ್ಯ ಬರಲಿಲ್ಲ.”

ಸುಚೇತಾ ಬಿಲ್ಲೆಯನ್ನು ಬೆಳಕಿಗೆ ತಿರುಗಿಸಿದಳು. ಬಾಗಿಲಿಗೆ ಹೋಗಿ ಮೂವರನ್ನೂ ಕರೆದಳು. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು; ಶ್ರೀರಂಗನ ಕೈಯಲ್ಲಿ ಮೊಬೈಲ್ ಆಗಲೇ ಇತ್ತು.

“ಟ್ರಂಕು ಈ ಮನೆಯ ಶೆಡ್ಡಿನಲ್ಲಿದೆ. ಒಯ್ದವರು ವೇದಕ್ಕ, ಒಳ್ಳೆಯದಕ್ಕೆಂದೇ. ಆದರೆ ಅವರು ತೆಗೆಯುವ ಮೊದಲೇ ಯಾರೋ ಕಿರೀಟಗಳನ್ನು ತೆಗೆದು, ಈ ಗಾಡಿಯ ಹಳೆಯ ಡ್ರಮ್ಮುಗಳನ್ನು ತುಂಬಿದ್ದಾರೆ. ನಿಂಗಪ್ಪ, ಇದು ನಿನ್ನ ಬಿಲ್ಲೆಯೇ?”

“ನಂದs ರೀ.”

“ಡ್ರಮ್ಮು ಕಳಚಿದ ಮೇಲೆ ಎಲ್ಲಿಟ್ಟೆ?”

“ಎಲ್ಲಿಡೋದು? ಅವತ್ತs ಒಪ್ಪಿಸೀನಿ. ಹಿಂದ ಗುರುತು ಐತಲ್ರಿ.”

ಸುಚೇತಾ ಬಿಲ್ಲೆಯನ್ನು ಶ್ರೀರಂಗನ ಅಂಗೈಯಲ್ಲಿಟ್ಟಳು. ಅವನು ಕಿಟಕಿಯತ್ತ ಸರಿದು ಓದಿದ: ‘ನಾಲ್ಕೂ ತಲುಪಿದವು’. ಕೆಳಗೊಂದು ಸಹಿ, ಮೂವತ್ತು ವರ್ಷ ಔಷಧಿ ಚೀಟಿಗಳ ಮೇಲೆ ಬಿದ್ದ, ಈ ಊರಿನ ಪ್ರತಿ ಕನ್ನಡ ಕುಟುಂಬಕ್ಕೂ ಪರಿಚಿತವಾದ, ಬಾಲ ಸುತ್ತಿದ ಸಹಿ.

ಶ್ರೀರಂಗ ಮೊಬೈಲನ್ನು ನಿಧಾನವಾಗಿ ಜೇಬಿಗಿಳಿಸಿದ. ಆಮೇಲೆ, ನಿಯಮದಲ್ಲೆಲ್ಲೂ ಬರೆದಿರದ ಒಂದು ಕೆಲಸ ಮಾಡಿದ: ನಿಂಗಪ್ಪನ ಎರಡೂ ಕೈ ಹಿಡಿದುಕೊಂಡ. “ತಪ್ಪಾಯಿತು ಕಣಪ್ಪ. ನಿನ್ನ ಹೆಸರು ಯಾರ ಬಾಯಿಂದಲೂ ಹೊರಗೆ ಹೋಗಲ್ಲ.”

“ಇರ್ಲಿ ಬಿಡ್ರಿ,” ಎಂದ ನಿಂಗಪ್ಪ, ಕಣ್ಣೊರೆಸಿಕೊಳ್ಳಲು ಕೈ ಬಿಡಿಸಿಕೊಳ್ಳುತ್ತ. “ಅವ್ವಾರೇ, ಒಂದು ಲೋಟ ಕಾಫಿ ಕೊಡ್ರಿ. ಮುಂಜಾನಿಯಿಂದ ಗಂಟಲದಾಗ ಏನೂ ಇಳಿದಿಲ್ಲ.”

ವೇದಕ್ಕ ಲೋಟಕ್ಕೆ ಕೈಚಾಚಲಿಲ್ಲ. ಬಿಲ್ಲೆಯ ಮೇಲಿನ ಸಹಿಯನ್ನೇ ನೋಡುತ್ತಿದ್ದರು. “ಇವರ...” ಎಂದರು, ಅಷ್ಟೆ.

ಹೊರಗೆ ಎಂಜಿನ್ ಒಮ್ಮೆ ಕೆಮ್ಮಿತು. ಎರಡನೆಯ ಸಲಕ್ಕೆ ಎಚ್ಚೆತ್ತಿತು.

ಅಡುಗೆಮನೆಯಲ್ಲಿ ಐವರಿದ್ದರು. ಸುಚೇತಾ ನಡುದಾರಿಯಲ್ಲಿ ಓಡಿದಳು. ಗೇರು ಸದ್ದಿಲ್ಲದೆ ಕೂತಿತು. ಅವಸರವಿಲ್ಲದ, ಪಳಗಿದ ಕೈ. ಗಾಲಿಯಡಿ ನಿಂಬೆಹಣ್ಣುಗಳು ಪಟ್, ಪಟ್ ಎಂದು ಒಡೆದವು. ಅವಳು ಬಾಗಿಲು ತೆರೆಯುವಷ್ಟರಲ್ಲಿ ಆಕಾಶನೀಲಿ ಪಿಕಪ್ಪು, ಒಂದೇ ತುದಿಗೆ ಕಟ್ಟಿದ್ದ ಹಾರವನ್ನು ಎಳೆದುಕೊಂಡು, ರಸ್ತೆಯ ತಿರುವಿನಲ್ಲಿ ಮರೆಯಾಗುತ್ತಿತ್ತು. ಹಿಂದಿನ ಹಲಗೆಯ ಮೇಲೆ ಟಾರ್ಪಾಲಿನ ಗಂಟೊಂದಿತ್ತು. ಅರ್ಧ ಗಂಟೆಯ ಹಿಂದೆ ಅಲ್ಲಿ ಏನೂ ಇರಲಿಲ್ಲ.

ದೇವರ ಮುಂದಿನ ತಟ್ಟೆಯಲ್ಲಿ ಕೀಲಿಕೈ ಇದ್ದಲ್ಲೇ ಇತ್ತು. ಕುಂಕುಮದ ಬೊಟ್ಟು ಅಳಿಸಿರಲಿಲ್ಲ.

ಕಿಟಕಿಯ ಬಳಿಯ ಆರಾಮಕುರ್ಚಿ ಖಾಲಿಯಾಗಿತ್ತು. ಮಡಚಿಟ್ಟ ಪತ್ರಿಕೆಯ ಮೇಲೆ ಏನೋ ಮಿನುಗಿತು. ಜಲಜಾ ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ಎತ್ತಿದಳು: ಉಗುರಿನಷ್ಟು ಅಗಲದ ಚಿನ್ನದ ಬೇಗಡೆಯ ಚೂರು.

“ನಮ್ಮ ಕಿರೀಟದ್ದಲ್ಲ ಇದು,” ಎಂದಳು, ದನಿ ಇಳಿಸಿ. “ನಮ್ಮದು ಹಳೇದು, ಮಾಸಿದೆ. ನಮ್ಮದನ್ನು ನೋಡಿ ಯಾರೋ ಹೊಸ ಕಿರೀಟ ಮಾಡ್ತಾ ಇದ್ದಾರೆ.”